ಪಾಲಕರ ಪಾಲು ಸಹಿಯಷ್ಟೇ ಅಲ್ಲ

ಪಾಲಕರು ಶಾಲೆಯತ್ತ ಸುಳಿಯುವುದಿಲ್ಲ ಎಂಬುದು ಸರ್ಕಾರಿ ಶಾಲೆಗಳ ಶಿಕ್ಷಕರ ಹಳೆಯ ದೂರು. ಶಾಲೆಯಿಂದ ಕರೆ ಬಂದರೆ ಒಂದೋ ಮಗನ ತಪ್ಪಿಗೆ ಮಾತು ಕೇಳಬೇಕು, ಇಲ್ಲವೇ ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕು ಎಂಬುದು ಪಾಲಕರ ಅನುಭವ. ಎರಡರಲ್ಲೂ ಸತ್ಯಾಂಶವಿದೆ. ಈ ಎರಡು ದೂರುಗಳ ನಡುವೆ ಮಗು ಏನು ಕಲಿಯುತ್ತಿದೆ ಎಂಬ ಮುಖ್ಯ ಪ್ರಶ್ನೆ ಮಾತ್ರ ಯಾರದ್ದೂ ಅಲ್ಲದೆ ಉಳಿದಿದೆ.

ಕಾನೂನಿನ ಕೊರತೆಯಂತೂ ಇಲ್ಲ. ಡಾ. ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಹಿನ್ನೆಲೆಯಲ್ಲಿ 2001ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ರಚನೆಯಾದವು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು ಇಂಥ ಸಮಿತಿಯಲ್ಲಿ ಮುಕ್ಕಾಲು ಭಾಗ ಪಾಲಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದು ವಿಧಿಸಿತು. ಆದರೆ ನಾನು ಕಂಡ ನಡಾವಳಿ ಪುಸ್ತಕಗಳಲ್ಲಿ ಹೆಚ್ಚಾಗಿ ಇರುವುದು ಕೊಠಡಿ ದುರಸ್ತಿ, ಸುಣ್ಣಬಣ್ಣ, ನೀರಿನ ತೊಟ್ಟಿ, ಸ್ವಾತಂತ್ರ್ಯ ದಿನಾಚರಣೆಯ ಸಿಹಿ ಹಂಚಿಕೆ. ಮೂರನೆಯ ತರಗತಿಯ ಎಷ್ಟು ಮಕ್ಕಳು ತಡವರಿಸದೆ ಓದಬಲ್ಲರು ಎಂಬ ಚರ್ಚೆ ಅಪರೂಪ. ಪಾಲಕರಿಗೆ ಶಾಲೆಯ ಗೋಡೆಯ ಮೇಲೆ ಅಧಿಕಾರ ಸಿಕ್ಕಿತು. ಕಲಿಕೆಯ ಬಾಗಿಲು ತೆರೆಯಲಿಲ್ಲ.

ಈ ಕೊರತೆಯ ಬೆಲೆ ಎಷ್ಟೆಂಬುದು ಹರಪನಹಳ್ಳಿ ತಾಲ್ಲೂಕಿನ ತೆಲಿಗಿ ಸೀಮೆಯಂಥ ಕಡೆ ಎದ್ದು ಕಾಣುತ್ತದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಹಿಂದುಳಿದವೆಂದು ಗುರುತಿಸಿದ 114 ತಾಲ್ಲೂಕುಗಳಲ್ಲಿ ಹರಪನಹಳ್ಳಿಯೂ ಒಂದು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಅದು ಸೇರಿತು. ಕಡತಗಳು ಊರೂರು ಅಲೆದವು. ಶಾಲೆಗೂ ಮನೆಗೂ ನಡುವಿನ ಅಂತರ ಮಾತ್ರ ಇದ್ದಲ್ಲೇ ಇದೆ. ಇಲ್ಲಿನ ಬಹುಪಾಲು ಹೊಲಗಳು ಮಳೆಯನ್ನೇ ನಂಬಿದವು. ಮೆಕ್ಕೆಜೋಳದ ಸುಗ್ಗಿ ಮುಗಿದ ಮೇಲೆ ಎಷ್ಟೋ ಕುಟುಂಬಗಳು ಕಾಫಿ ತೋಟಗಳಿಗೆ, ಕಬ್ಬಿನ ಗದ್ದೆಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ತಾಂಡಾಗಳ ಮಕ್ಕಳ ಮನೆಮಾತು ಲಂಬಾಣಿ, ಪಠ್ಯದ ಮಾತು ಕನ್ನಡ. ಇಂಥಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಪಾಲಕರ ಸಭೆ ಕರೆದರೆ ಬರುವವರು ಯಾರು? ಸಭೆಗೆ ಬಂದರೆ ಆ ದಿನದ ಕೂಲಿ ಹೋಯಿತು. ತಾಂಡಾವೊಂದರ ತಾಯಿಯೊಬ್ಬರು ನನ್ನೊಡನೆ ಮಾತನಾಡುತ್ತಾ, ತಮಗೆ ಅಕ್ಷರ ಬಾರದ ಮೇಲೆ ಅಲ್ಲಿಗೆ ಹೋಗಿ ಮಾಡುವುದಾದರೂ ಏನು ಎಂದು ಕೇಳಿದ್ದರು. ಅವರ ಪ್ರಶ್ನೆಗೆ ಉತ್ತರಿಸಬೇಕಾದದ್ದು ಶಾಲೆ.

ಉತ್ತರ ಅಷ್ಟೇನೂ ಕಷ್ಟದ್ದಲ್ಲ. ಓದಲು ಬಾರದವರಿಗೂ ಕೇಳಲು ಬರುತ್ತದೆ. ಮಗು ಸಂಜೆ ಹತ್ತು ನಿಮಿಷ ಪಾಠವನ್ನು ಗಟ್ಟಿಯಾಗಿ ಓದಲಿ, ತಾಯಿ ರೊಟ್ಟಿ ಬಡಿಯುತ್ತಲೇ ಕೇಳಲಿ. ಎಲ್ಲಿ ಸರಾಗವಾಗಿ ಸಾಗಿತು, ಎಲ್ಲಿ ಮುಗ್ಗರಿಸಿತು ಎಂಬುದು ಅಕ್ಷರ ಬಾರದ ಕಿವಿಗೂ ತಿಳಿಯುತ್ತದೆ. ಈ ದಿನ ಓದಿದ್ದು ಏನು ಹೇಳುತ್ತದೆ ಎಂದು ಆಕೆ ಕೇಳಿದರೆ ಮಗು ತನ್ನ ಮಾತಿನಲ್ಲಿ ಹೇಳಲೇಬೇಕು. ಅದಕ್ಕಿಂತ ಒಳ್ಳೆಯ ಮನೆಗೆಲಸವನ್ನು ನಾನರಿಯೆ. 2005ರಿಂದ ನಡೆಯುತ್ತಿರುವ ‘ಅಸರ್’ ಸಮೀಕ್ಷೆಯೂ ಮನೆಮನೆಗೆ ಹೋಗಿ, ಮಕ್ಕಳ ಕೈಗೆ ಪುಟವೊಂದನ್ನು ಕೊಟ್ಟು ಓದಿಸುತ್ತದೆ. ಗ್ರಾಮೀಣ ಭಾರತದ ಐದನೆಯ ತರಗತಿಯ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಎರಡನೆಯ ತರಗತಿಯ ಪಾಠ ಓದಲಾಗದು ಎಂಬ ಕಹಿ ಸತ್ಯ ಹೊರಬಿದ್ದದ್ದು ಈ ಸರಳ ವಿಧಾನದಿಂದಲೇ. ದೇಶಕ್ಕೆ ತಿಳಿದ ಈ ಸಂಗತಿ ಆ ಮಗುವಿನ ತಾಯಿಗೂ ತಿಳಿಯಬೇಡವೇ?

ನಮ್ಮ ಬಳಿ ಸಾಧನಗಳೂ ಇದ್ದವು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊಳೆತ ‘ನಲಿ-ಕಲಿ’ ಪದ್ಧತಿಯಲ್ಲಿ ಕಲಿಕೆಯ ಮೆಟ್ಟಿಲುಗಳನ್ನು ಚಿತ್ರಗಳ ಮೂಲಕ ಸೂಚಿಸುವ ಏಣಿಯೊಂದಿದೆ. ಮಗು ಯಾವ ಮೆಟ್ಟಿಲಿನಲ್ಲಿ ನಿಂತಿದೆ ಎಂಬುದನ್ನು ಅಕ್ಷರ ಬಾರದ ತಂದೆಗೂ ಬೆರಳಿಟ್ಟು ತೋರಿಸಬಹುದು. ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದ ಉದ್ದೇಶವೂ ಮಕ್ಕಳ ಕಲಿಕೆಯನ್ನು ಪಾಲಕರ ಮುಂದಿಡುವುದೇ ಆಗಿತ್ತು. ಬರಬರುತ್ತಾ ಅದು ಛಾಯಾಚಿತ್ರ, ವರದಿ, ಹಾಜರಿ ಸಹಿಗಳ ವಿಧಿಯಾದದ್ದನ್ನು ಅನೇಕ ಕಡೆ ಕಂಡಿದ್ದೇನೆ.

ನಿಜವಾಗಿ ಶಾಲೆ ಸಮುದಾಯದತ್ತ ನಡೆದದ್ದು ಸಂಕಟದ ಕಾಲದಲ್ಲಿ. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ 2020ರ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಆರಂಭವಾಯಿತು. ಶಿಕ್ಷಕರು ಗುಡಿಯ ಪಡಸಾಲೆ, ಮರದ ನೆರಳು, ಮನೆಯ ಜಗಲಿಗಳಲ್ಲಿ ಪಾಠ ಮಾಡಿದರು. ಸೋಂಕಿನ ಆತಂಕದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾದದ್ದು ಸರಿಯೇ. ಆದರೆ ಆ ಕೆಲವು ವಾರಗಳಲ್ಲಿ ಶಿಕ್ಷಕರು ಮಗುವಿನ ಮನೆಯನ್ನು ಕಂಡರು, ಮನೆಯವರು ಪಾಠವನ್ನು ಕೇಳಿದರು. ಶಾಲೆಗಳು ತೆರೆದ ಮೇಲೆ ಆ ಜಗಲಿಯ ನಂಟನ್ನು ನಾವು ಮರೆತದ್ದು ಏಕೆ?

ಅದನ್ನು ಮತ್ತೆ ಬೆಸೆಯಲು ದೊಡ್ಡ ಯೋಜನೆ ಬೇಕಿಲ್ಲ. ಸಭೆ ಸಂಜೆ ತಾಂಡಾದಲ್ಲಿ, ಓಣಿಯ ಕಟ್ಟೆಯಲ್ಲಿ ನಡೆಯಲಿ. ಎತ್ತು ಹೂಡದ ಅಮಾವಾಸ್ಯೆಯಂದು ನಡೆದರೂ ಆದೀತು. ಅಂಕಪಟ್ಟಿ ಓದುವ ಬದಲು ಮಕ್ಕಳೇ ಪಾಲಕರೆದುರು ಓದಲಿ, ಲೆಕ್ಕ ಮಾಡಲಿ. ಮೆಕ್ಕೆಜೋಳದ ತೂಕ, ಕೂಲಿಯ ಹಂಚಿಕೆ, ಸಂಘದ ಸಾಲದ ಬಡ್ಡಿ, ಲಂಬಾಣಿ ಕಸೂತಿಯ ಆಕೃತಿಗಳು ಗಣಿತದ ತರಗತಿಗೆ ಬರಲಿ. ಅವುಗಳನ್ನು ಬಲ್ಲ ತಾಯಿ-ತಂದೆಯರೂ ಬರಲಿ. ಬಿಸಿಯೂಟ ಬೇಯಿಸಲು ದಿನವೂ ಶಾಲೆಗೆ ಬರುವ ತಾಯಂದಿರು ಅಡುಗೆಕೋಣೆಯಿಂದ ತರಗತಿಯೊಳಗೆ ಕಾಲಿಡುವುದೇ ಇಲ್ಲವೆಂಬುದು ಎಂಥ ವಿಪರ್ಯಾಸ! ಗುಳೆಗೆ ಮುನ್ನ ಪಾಲಕರೊಡನೆ ಕುಳಿತು, ಮಗು ಅಜ್ಜಿಯ ಬಳಿ ಉಳಿಯುವುದೋ ಜೊತೆಗೆ ಹೋಗುವುದೋ ಎಂದು ವಿಚಾರಿಸಲಿ. ಹೋಗುವುದಾದರೆ ಪುಸ್ತಕಗಳ ಜೊತೆ ಎಲ್ಲಿಯವರೆಗೆ ಕಲಿತಿದೆ ಎಂಬ ಚೀಟಿಯೂ ಇರಲಿ, ಶಿಕ್ಷಕರ ವಾರಕ್ಕೊಂದು ದೂರವಾಣಿ ಕರೆಯೂ ಇರಲಿ. ಈ ಭಾಗದಲ್ಲಿ ಮಾಜಿ ದೇವದಾಸಿ ತಾಯಂದಿರ ಮಕ್ಕಳೂ ಶಾಲೆಗೆ ಬರುತ್ತಾರೆ. ಅವರಿಗೆ ಎಲ್ಲರೆದುರು ತಂದೆಯ ಹೆಸರು ಕೇಳುವ ಶಾಲೆ ಆ ತಾಯಿಯನ್ನು ಹೊಸ್ತಿಲಲ್ಲೇ ಕಳೆದುಕೊಳ್ಳುತ್ತದೆ.

ಪಾಲಕರನ್ನು ಒಳಗೆ ಬಿಟ್ಟರೆ ಊರ ರಾಜಕೀಯವೂ ಒಳಬರುತ್ತದೆ ಎಂದು ಕೆಲವು ಮುಖ್ಯೋಪಾಧ್ಯಾಯರು ಅಂಜುತ್ತಾರೆ. ಅಂಜಿಕೆ ನಿರಾಧಾರವಲ್ಲ. ಆದರೆ ರಾಜಕೀಯ ಬೆಳೆಯುವುದು ಅನುದಾನ, ಕಾಮಗಾರಿಗಳ ಸುತ್ತ. ಮಗುವಿನ ಓದಿನ ಸುತ್ತ ಬಣ ಕಟ್ಟುವುದು ಸುಲಭವಲ್ಲ. ಇನ್ನು ಗಣತಿ, ಚುನಾವಣೆ, ಮೇಲಿನಿಂದ ಬರುವ ಮಾಹಿತಿ ನಮೂನೆಗಳಲ್ಲೇ ಮುಳುಗಿದ ಶಿಕ್ಷಕರಿಗೆ ಪುರುಸೊತ್ತೆಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮನೆಭೇಟಿಯನ್ನು ಕರ್ತವ್ಯದ ಅವಧಿಯೆಂದೇ ಇಲಾಖೆ ಪರಿಗಣಿಸಬೇಕು, ಅದಕ್ಕೆ ಬೇರೆ ಹೊರೆಗಳನ್ನು ಇಳಿಸಬೇಕು.

ನಗರದ ಖಾಸಗಿ ಶಾಲೆಗಳ ಪಾಲಕರು ಇದು ಹಳ್ಳಿಯ ಕತೆಯೆಂದು ನೆಮ್ಮದಿಯಾಗಿರಬೇಕಿಲ್ಲ. ಡೈರಿಗೆ ಸಹಿ, ಶುಲ್ಕಕ್ಕೆ ರಸೀದಿ, ಮಗುವಿನ ಬದಲು ತಾವೇ ಮಾಡಿಕೊಡುವ ಪ್ರಾಜೆಕ್ಟು, ಅರ್ಧ ಅಂಕಕ್ಕಾಗಿ ವಾದ: ಇದನ್ನೇ ಪಾಲ್ಗೊಳ್ಳುವಿಕೆ ಎಂದು ನಂಬಿದ್ದೇವೆ. ತೆಲಿಗಿಯ ತಾಯಿಗೆ ಅಕ್ಷರದ ಅಂಜಿಕೆ, ನಮಗೆ ಅಂಕದ ಅಂಜಿಕೆ. ಮಗು ಓದುವುದನ್ನು ಸಮಾಧಾನದಿಂದ ಕೇಳುವವರು ಎರಡೂ ಕಡೆ ವಿರಳ.

ಬಡ ಪಾಲಕರಿಗೆ ಮಕ್ಕಳ ಓದಿನಲ್ಲಿ ಆಸಕ್ತಿಯಿಲ್ಲ ಎಂಬ ಮಾತನ್ನು ಇನ್ನಾದರೂ ಬಿಡೋಣ. ಕಾಫಿ ತೋಟದ ಕೂಲಿಯಲ್ಲಿ ಉಳಿಸಿ ಮಗಳಿಗೆ ಚೀಲ, ಪುಸ್ತಕ ಕೊಡಿಸುವವರಿಗೆ ಆಸಕ್ತಿಯ ಪಾಠವನ್ನು ಯಾರೂ ಹೇಳಬೇಕಿಲ್ಲ. ಮಗಳು ಏನು ಕಲಿತಿದ್ದಾಳೆ, ಏನು ಬಾಕಿ ಉಳಿದಿದೆ ಎಂಬುದನ್ನು ಅವರಿಗೆ ತಿಳಿಯುವ ಮಾತಿನಲ್ಲಿ, ಅವರಿಗೆ ಅನುಕೂಲವಾದ ಹೊತ್ತಿನಲ್ಲಿ ಹೇಳುವ ಸೌಜನ್ಯವಷ್ಟೇ ಬೇಕು. ಆ ಮೊದಲ ಹೆಜ್ಜೆಯನ್ನು ಶಾಲೆಯೇ ಇಡಬೇಕು.