ಕೇಕ್ ಉಳಿಯಿತೇ? ಗರಿಗರಿ ಸಿಹಿ ತುಣುಕು ಮಾಡಿ

ಹುಟ್ಟುಹಬ್ಬದ ಮಾರನೆಯ ಬೆಳಿಗ್ಗೆ ನಿಮ್ಮ ಮನೆಯಲ್ಲೂ ಹೀಗೇ ಆಗುತ್ತದೆಯೇ? ಒಂದು ಕಿಲೋ ಕೇಕ್ ತಂದಿರುತ್ತೀರಿ. ಮಕ್ಕಳು ಮೇಲಿನ ಕೆನೆ, ಹೂವು ನೆಕ್ಕಿ ಓಡಿಹೋಗಿರುತ್ತಾರೆ. ಒಂದಷ್ಟನ್ನು ಒಬ್ಬರ ಮುಖಕ್ಕೊಬ್ಬರು ಬಳಿದಿರುತ್ತಾರೆ. (ಈ ಪದ್ಧತಿ ಯಾರು ತಂದರೋ, ನೋಡಿದರೆ ನನಗಂತೂ ಹೊಟ್ಟೆ ಉರಿಯುತ್ತದೆ.) ಉಳಿದದ್ದು ರಟ್ಟಿನ ಡಬ್ಬಿಯಲ್ಲಿ ಕೂತಿರುತ್ತದೆ. ಬಿಸಾಡಲು ಮನಸ್ಸು ಬಾರದು, ತಿನ್ನುವವರೂ ಇಲ್ಲ.

ನಮ್ಮ ಸಂತೇಬೆನ್ನೂರಿನಲ್ಲಿ ಹಿಂದೆ ಹುಟ್ಟುಹಬ್ಬ ಎಂದರೆ ತಲೆಗೆ ಎಣ್ಣೆ, ಬಿಸಿನೀರು, ಪಾಯಸ, ದೇವರಿಗೊಂದು ಕಾಯಿ. ಈಗ ಕೇಕ್ ಇಲ್ಲದಿದ್ದರೆ ಹಬ್ಬವೇ ಆಗಲಿಲ್ಲ ಅಂತಾರೆ ಮಕ್ಕಳು. ಹೋದ ಸಲ ನಾನು ಡಬ್ಬಿ ಎತ್ತಿಕೊಂಡು ಹಿತ್ತಲಿಗೆ ಹೊರಟಾಗ ಅತ್ತೆ ತಡೆದರು. "ದುಡ್ಡು ಕೊಟ್ಟು ತಂದಿದ್ದನ್ನ ತಿಪ್ಪೆಗೆ ಹಾಕ್ತೀಯೇನವ್ವಾ? ಬೇಕರಿಯವರು ಒಣಗಿಸಿ ಮಾರಲ್ವಾ?" ಎಂದರು. ಕೇಕನ್ನು ಬಾಯಿಗೂ ಮುಟ್ಟಿಸದವರು ಅವರು. ಆದರೆ ಮಾತು ಸರಿಯಾಗಿತ್ತು.

ಬೇಕರಿಗಳಲ್ಲಿ ಕೇಕ್ ರಸ್ಕ್ ಎಂದು ಮಾರುವುದು ಎರಡು ಸಲ ಬೇಯಿಸಿದ ಕೇಕನ್ನೇ. ಬಿಸ್ಕತ್ತು ಎಂಬ ಮಾತಿನ ಮೂಲ ಅರ್ಥವೂ ಲ್ಯಾಟಿನ್ ಭಾಷೆಯಲ್ಲಿ 'ಎರಡು ಸಲ ಬೆಂದದ್ದು' ಎಂದೇ ಅಂತೆ. ದೊಡ್ಡ ಹೋಟೆಲುಗಳಲ್ಲಿ ಸೂಪಿನ ಮೇಲೆ ಹುರಿದ ಬ್ರೆಡ್ಡಿನ ಚಿಕ್ಕ ಚೌಕಗಳನ್ನು ತೇಲಿಬಿಡುತ್ತಾರಲ್ಲ, ಅದಕ್ಕೆ ಕ್ರೂಟಾನ್ ಎನ್ನುತ್ತಾರೆ. ಬ್ರೆಡ್ಡಿನ ಬದಲು ಕೇಕು, ಉಪ್ಪು-ಮೆಣಸಿನ ಬದಲು ಚಕ್ಕೆ-ಏಲಕ್ಕಿ ಹಾಕಿ ಮಾಡಿದರೆ ಅದೇ ಸಿಹಿ ತುಣುಕು.

ಸುಲಭ ಎಂದುಕೊಂಡೇ ನಾನು ಮೊದಲ ಸಲ ಕೈಸುಟ್ಟುಕೊಂಡೆ. ಮಗ ದಾವಣಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾನೆ. ಊರಿಂದ ಹೋಗುವವರ ಕೈಲಿ ಕಳಿಸೋಣವೆಂದು ಅವಸರದಲ್ಲಿ ಬೆಂಕಿ ಜೋರು ಮಾಡಿ ಹುರಿದೆ. ಹೊರಗೆ ಒಳ್ಳೆ ಕೆಂಬಣ್ಣ ಬಂತು, ಮನೆಯೆಲ್ಲ ಘಮಘಮ. ಬಿಸಿಯಿರುವಾಗಲೇ ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದೆ. ನಾಲ್ಕನೆಯ ದಿನ ಮಗನ ಫೋನು: "ಅಮ್ಮಾ, ತಳದಲ್ಲಿರೋದಕ್ಕೆಲ್ಲ ಬೂಷ್ಟು ಬಂದಿದೆ. ನಾವು ನಾಲ್ಕು ಜನ ಕತ್ತಲಲ್ಲಿ ಅರ್ಧ ಡಬ್ಬಿ ತಿಂದ್ಬಿಟ್ವಿ." ಯಾರಿಗೂ ಏನೂ ಆಗಲಿಲ್ಲ, ನಿಜ. ಆದರೆ ಪರರ ಮಕ್ಕಳಿಗೆ ಬೂಷ್ಟು ತಿನ್ನಿಸಿದೆನಲ್ಲಾ ಎಂದು ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತಪ್ಪು ಎಲ್ಲಿತ್ತು? ಹೊರಮೈ ಬೇಗ ಕೆಂಪಾದರೆ ಒಳಗಿನ ತೇವ ಅಲ್ಲೇ ಉಳಿಯುತ್ತದೆ. ಬಿಸಿ ಡಬ್ಬಿಯೊಳಗೆ ಅದು ಆವಿಯಾಗಿ, ಮುಚ್ಚಳಕ್ಕೆ ಹನಿ ಕಟ್ಟಿ, ಮತ್ತೆ ತುಣುಕಿನ ಮೇಲೇ ಬೀಳುತ್ತದೆ. ಬೂಷ್ಟಿಗೆ ಬೇಕಾದದ್ದೂ ಅಷ್ಟೇ. ಇಲ್ಲಿ ಹುರಿಯುವುದಕ್ಕಿಂತ ಒಣಗಿಸುವುದು ಮುಖ್ಯ ಎಂಬುದನ್ನು ನೆನಪಿಡಿ.

ಮೊದಲು ಕೇಕಿನ ಆಯ್ಕೆ. ಕೆನೆ, ಜಾಮ್ ಇಲ್ಲದ ಸಾದಾ ಕೇಕ್ ಉತ್ತಮ. ಕೆನೆಯ ಕೇಕಾದರೆ ಅದು ಫ್ರಿಜ್ಜಿನಲ್ಲೇ ಇದ್ದದ್ದಾಗಿರಲಿ. ಕೆನೆ ತಾಗಿದ ಭಾಗ, ಸಕ್ಕರೆ ನೀರು ಕುಡಿದು ಮೆತ್ತಗಾದ ಭಾಗ ಎರಡನ್ನೂ ಕೊಯ್ದು ತೆಗೆಯಿರಿ. ರಾತ್ರಿಯೆಲ್ಲ ಹೊರಗೆ ಬಿದ್ದಿದ್ದ ಕೆನೆ ಕೇಕ್ ಬೇಡವೇ ಬೇಡ. ಒಂದು ಮೂಲೆಯಲ್ಲಿ ಬೂಷ್ಟು ಕಂಡರೂ ಆ ಚೂರನ್ನಷ್ಟೇ ಕಿತ್ತು ಉಳಿದದ್ದನ್ನು ಬಳಸಬೇಡಿ. ಮೆತ್ತನೆಯ ತಿನಿಸಿನಲ್ಲಿ ಅದರ ಎಳೆ ಕಣ್ಣಿಗೆ ಕಾಣದಂತೆ ಒಳಗೆ ಹರಡಿರುತ್ತದೆ. ಬಿಸಿ ಮಾಡಿದರೂ ಅದರ ವಿಷ ಪೂರ್ತಿ ಹೋಗುವುದಿಲ್ಲ. ಆಗ ಅತ್ತೆ ಏನಂದರೂ ಸರಿ, ತಿಪ್ಪೆಗೇ ಹಾಕಿ.

ಮೊಟ್ಟೆ ತಿನ್ನದ ಮನೆಯವರು ಅಯ್ಯಂಗಾರ್ ಬೇಕರಿಯಲ್ಲಿ ಕೇಳಿ ಮೊಟ್ಟೆ ಹಾಕದ ಕೇಕ್ ತರಬಹುದು. ಅದು ಬೇಗ ಪುಡಿಯಾಗುತ್ತದೆ, ತುಣುಕು ಸ್ವಲ್ಪ ದಪ್ಪಗಿರಲಿ.

250 ಗ್ರಾಂ ಕೇಕಿಗೆ 2 ದೊಡ್ಡ ಚಮಚ ಕರಗಿಸಿದ ತುಪ್ಪ, 1 ದೊಡ್ಡ ಚಮಚ ಸಕ್ಕರೆ ಪುಡಿ, ಅರ್ಧ ಚಿಕ್ಕ ಚಮಚ ಚಕ್ಕೆ ಪುಡಿ, ಕಾಲು ಚಿಕ್ಕ ಚಮಚದಷ್ಟು ಏಲಕ್ಕಿ ಪುಡಿ, ಅಷ್ಟೇ ಒಣಶುಂಠಿ ಪುಡಿ ಸಾಕು. ಜಾಯಿಕಾಯಿಯನ್ನು ಎರಡು ಸಲ ತೇಯ್ದರೆ ಹೆಚ್ಚು. ಅಂಗಡಿಯಲ್ಲಿ ಸಿಗುವ ದಪ್ಪ, ಗಟ್ಟಿ ಚಕ್ಕೆ ಖಾರ. ಕಾಗದದ ಸುರುಳಿಯಂತೆ ತೆಳ್ಳಗಿರುವುದು ಸಿಂಹಳದ ದಾಲ್ಚಿನ್ನಿ, ಅದರ ರುಚಿ ನವಿರು. ಯಾವುದಾದರೂ ನಡೆದೀತು. ದಪ್ಪದ್ದಾದರೆ ಒಂದು ಚಿಟಿಕೆ ಕಡಿಮೆ ಮಾಡಿ.

ಕೇಕನ್ನು ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟರೆ ಪುಡಿಯಾಗದೆ ಕತ್ತರಿಸಲು ಬರುತ್ತದೆ. ಹಲ್ಲಿನ ಚಾಕುವಿನಿಂದ ಮುಕ್ಕಾಲು ಅಂಗುಲದ ಚೌಕ ಮಾಡಿ, ಅಗಲ ತಟ್ಟೆಯಲ್ಲಿ ಹರಡಿ, ತುಪ್ಪ ಚಿಮುಕಿಸಿ ಮೆಲ್ಲನೆ ಹೊರಳಿಸಿ. ಸಕ್ಕರೆ ಮತ್ತು ಮಸಾಲೆ ಪುಡಿಯನ್ನು ಈಗಲೇ ಹಾಕಬೇಡಿ, ಸಕ್ಕರೆ ಸೀದು ಕಹಿಯಾಗುತ್ತದೆ.

ಓವನ್ ಇದ್ದವರು 150 ಡಿಗ್ರಿಯಲ್ಲಿ 15 ನಿಮಿಷ ಇಟ್ಟು, ತಿರುವಿಹಾಕಿ, ಮಸಾಲೆ ಸಕ್ಕರೆ ಉದುರಿಸಿ, 120 ಡಿಗ್ರಿಗೆ ಇಳಿಸಿ ಇನ್ನೊಂದು 20 ನಿಮಿಷ ಬಿಡಿ. ಆಮೇಲೆ ಉರಿ ಆರಿಸಿ, ಬಾಗಿಲು ತುಸು ತೆರೆದು, ಒಳಗೇ ಆರಲು ಬಿಡಬೇಕು. ನನ್ನಂತೆ ಓವನ್ ಇಲ್ಲದವರು ಯೋಚಿಸಬೇಕಿಲ್ಲ. ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಎರಡು ಅಂಗುಲ ಕಲ್ಲುಪ್ಪು ಹರಡಿ, ಒಳಗೊಂದು ಸ್ಟ್ಯಾಂಡ್ ಇಟ್ಟು, 10 ನಿಮಿಷ ಕಾಯಿಸಿ. ತಟ್ಟೆ ಇಳಿಸಿ ಸಣ್ಣ ಉರಿಯಲ್ಲಿ ಅರ್ಧ ಗಂಟೆಗೂ ಮೀರಿ ಬಿಡಿ, ನಡುವೆ ಎರಡು ಸಲ ತಿರುವಿ. ಮುಚ್ಚಳವನ್ನು ಓರೆಯಾಗಿಡಬೇಕು, ಆವಿ ಹೋಗಲು ದಾರಿ ಬೇಕಲ್ಲ! ದೋಸೆ ಹೆಂಚಿನ ಮೇಲೂ ಆಗುತ್ತದೆ, ಆದರೆ ಪಕ್ಕದಲ್ಲೇ ನಿಂತು ತಿರುವುತ್ತಿರಬೇಕು. ಹೇಗೆ ಮಾಡಿದರೂ ಮಸಾಲೆ ಸಕ್ಕರೆ ಕೊನೆಯ ಹತ್ತಿಪ್ಪತ್ತು ನಿಮಿಷಕ್ಕೆ.

ಬಿಸಿಯಿದ್ದಾಗ ಒತ್ತಿ ನೋಡಿದರೆ ಮೆತ್ತಗಿದೆ ಅನಿಸುತ್ತದೆ, ಗಾಬರಿಯಾಗಿ ಸೀಯಿಸಬೇಡಿ. ಒಂದು ತುಣುಕನ್ನು ಹೊರತೆಗೆದು ಪೂರ್ತಿ ಆರಿಸಿ ಮುರಿಯಿರಿ. ನಡುವೆ ಕೂಡ 'ಟಕ್' ಎಂದರೆ ಆಯಿತು. ಬಗ್ಗಿದರೆ ಮತ್ತೆ ಹತ್ತು ನಿಮಿಷ. ಎಲ್ಲವನ್ನೂ ಮೊರದಲ್ಲಿ ಹರಡಿ, ತೆಳು ಬಟ್ಟೆ ಹೊದಿಸಿ, ತಣ್ಣಗಾದ ಮೇಲಷ್ಟೇ ಡಬ್ಬಿಗೆ ತುಂಬಿ. ಮಳೆಗಾಲದಲ್ಲಿ ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಿ.

ನಮ್ಮೂರಿನ ಪುಷ್ಕರಣಿ ನೋಡಲು ಬಂದ ನೆಂಟರು ಹೇಳದೆ ಕೇಳದೆ ಮನೆಗೂ ಬರುತ್ತಾರೆ. ಆಗ ಬಟ್ಟಲಿಗೆ ಬಾಳೆಹಣ್ಣಿನ ಸೀಕರಣೆಯನ್ನೋ ಹಣ್ಣು ಹಾಕಿದ ಕಸ್ಟರ್ಡನ್ನೋ ಬಡಿಸಿ, ಮೇಲೆ ಐದಾರು ತುಣುಕು ಉದುರಿಸಿ ಕೊಡುತ್ತೇನೆ. ಮುಂಚೆಯೇ ಹಾಕಿಟ್ಟರೆ ನೆನೆದು ಮುದ್ದೆಯಾಗುತ್ತದೆ. ಮಾವಿನಹಣ್ಣಿನ ಸೀಕರಣೆಗೂ ಚೆನ್ನ. ಐಸ್‌ಕ್ರೀಮಿನ ಮೇಲಂತೂ ಮಕ್ಕಳು ಬಿಡರು. ತಟ್ಟೆಯ ತಳದಲ್ಲಿ ಉಳಿದ ಪುಡಿಯನ್ನು ಬಿಸಿ ಹಾಲಿಗೆ ಹಾಕಿ ನಾನೇ ಕುಡಿಯುತ್ತೇನೆ, ಮಾಡಿದವಳಿಗೂ ಏನಾದರೂ ಬೇಡವೇ?

ಎರಡನೆಯ ಸಲ ಮಾಡಿದಾಗ ಐದು ದಿನ ನನ್ನ ಕಪಾಟಿನಲ್ಲೇ ಇಟ್ಟು, ದಿನಾ ತೆರೆದು ಮೂಸಿ ನೋಡಿ, ಆಮೇಲೆ ದಾವಣಗೆರೆಗೆ ಕಳಿಸಿದೆ. ಡಬ್ಬಿ ಖಾಲಿಯಾಗಿ ವಾಪಸು ಬಂತು. ಮುಚ್ಚಳ ಮಾತ್ರ ಇನ್ನೂ ಬಂದಿಲ್ಲ.