ಮಳೆ ಬರುತ್ತಿದೆಯೋ, ಬರಲಿದೆಯೋ?

ಹೊನ್ನಾಳಿಯ ಜಗಲಿಯಲ್ಲಿ ಕುಳಿತಿದ್ದೀರಿ, ಹೊರಗೆ ಮಳೆ ಸುರಿಯುತ್ತಿದೆ ಎನ್ನೋಣ. ದೂರದ ಗೆಳೆಯರು ಫೋನಿನಲ್ಲಿ ಇಂಗ್ಲಿಷಿನಲ್ಲಿ ವಿಚಾರಿಸಿದರೆ ನೀವು ಥಟ್ಟನೆ ‘ರೈನ್ ಈಸ್ ಕಮಿಂಗ್’ ಎಂದುಬಿಡುತ್ತೀರಿ. ಕನ್ನಡದಲ್ಲಿ ಮಳೆ ‘ಬರುತ್ತದೆ’ಯಷ್ಟೆ! ಕೇಳಿದವರಿಗೆ ಮಾತ್ರ ಅದು ಇನ್ನೂ ದಾರಿಯಲ್ಲಿದೆ ಎಂದೇ ಅರ್ಥ. ‘ಇಟ್ ಈಸ್ ರೈನಿಂಗ್’ ಎನ್ನಬೇಕು. ಆ ‘ಇಟ್’ ಯಾರೆಂದು ಮನೆಯ ಮಕ್ಕಳು ಕೇಳಿಯಾರು. ಯಾರೂ ಅಲ್ಲ, ಕರ್ತೃವಿನ ಜಾಗ ಬರಿದಾಗಬಾರದೆಂದು ಇಂಗ್ಲಿಷು ಅಲ್ಲಿ ಕೂರಿಸಿರುವ ಗೊಂಬೆ.

ನಮ್ಮ ತುಂತುರು ಅವರಿಗೆ ‘ಡ್ರಿಜಲ್’. ಸುರಿದು ಬೇಗನೆ ನಿಲ್ಲುವುದು ‘ಷವರ್’. ಬಿಡದೆ ಹಿಡಿಯುವ ಜಡಿಮಳೆಗೆ ‘ಸ್ಟೆಡಿ ರೈನ್’ ಎಂದು ಎರಡು ಮಾತು ಬೇಕು.

‘ಫೈನ್ ವೆದರ್’ ಎನ್ನುವಾಗ ಸ್ವಲ್ಪ ಎಚ್ಚರ. ಮಳೆಯಿಲ್ಲದೆ ಬಿಸಿಲು ಕಾಯುವ ದಿನಕ್ಕೆ ಇಂಗ್ಲೆಂಡಿನವರು ಕೊಟ್ಟ ಹೊಗಳಿಕೆ ಅದು. ಮೆಕ್ಕೆಜೋಳ ಬಿತ್ತಿ ಮುಗಿಲು ನೋಡುತ್ತಿರುವ ಜಗಳೂರಿನ ರೈತರಿಗೆ ಜುಲೈಯಲ್ಲಿ ಹಾಗೆಂದು ನೋಡಿ, ಹೊಟ್ಟೆ ಉರಿದೀತು!

ಇನ್ನು ಹವಾ ವರ್ತಮಾನದ ಮಾತುಗಳು. ಇವು ಅಂದಾಜಿನವಲ್ಲ, ಅಳತೆಯವು. ‘ಹೆವಿ ರೈನ್’ ಎಂದರೆ 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರು. ‘ಸ್ಕ್ಯಾಟರ್ಡ್’ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳ ಪೈಕಿ ನೂರಕ್ಕೆ 26ರಿಂದ 50ರಲ್ಲಿ ಮಳೆ. ‘ಐಸೊಲೇಟೆಡ್’ ಎಂದರೆ ನೂರಕ್ಕೆ 25ನ್ನು ಮೀರದಷ್ಟರಲ್ಲಿ. ಬೀಜ ಕೈಯಲ್ಲಿ ಹಿಡಿದು ರೇಡಿಯೋ ಕೇಳುವವರಿಗೆ ಈ ಅಂತರ ಸಣ್ಣದಲ್ಲ. ‘ಐಸೊಲೇಟೆಡ್’ ಎಂದ ದಿನ ಚನ್ನಗಿರಿಯ ಅಡಕೆ ತೋಟ ನೆನೆದು, ನ್ಯಾಮತಿಯ ಹೊಲ ಒಣಗಿಯೇ ಉಳಿದರೂ ವರ್ತಮಾನ ಸುಳ್ಳಾಗಲಿಲ್ಲ.