ಹಿಂದಿರುಗುವ ಖಾತ್ರಿ

ಐರೋಪ್ಯ ದೇಶವೊಂದಕ್ಕೆ ನಾವು ಸಲ್ಲಿಸಿದ್ದ ವೀಸಾ ಅರ್ಜಿ ದಸರೆಗೆ ಕೆಲವು ದಿನಗಳಿರುವಾಗ ತಿರಸ್ಕೃತವಾಗಿ ಬಂತು. ಕಾರಣದ ಜಾಗದಲ್ಲಿ ಒಂದೇ ಸಾಲು: ಅವಧಿ ಮುಗಿಯುವ ಮುನ್ನ ಅರ್ಜಿದಾರರು ಸ್ವದೇಶಕ್ಕೆ ಹಿಂದಿರುಗುವರೆಂಬ ಬಗ್ಗೆ ಖಾತ್ರಿಯಿಲ್ಲ. ಮೂವತ್ತೈದು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದವನು ನಾನು. ಪಿಂಚಣಿ, ಸ್ವಂತ ಮನೆ, ಸಕ್ಕರೆ ಕಾಯಿಲೆಯ ವೈದ್ಯರು, ಎಲ್ಲವೂ ಬೆಂಗಳೂರಿನಲ್ಲೇ ಇವೆ. ಈ ವಯಸ್ಸಿನಲ್ಲಿ ನಾವಿಬ್ಬರೂ ಪರದೇಶದಲ್ಲಿ ತಲೆಮರೆಸಿಕೊಳ್ಳುವೆವೆಂದು ಶಂಕಿಸಿದವರ ಕಲ್ಪನಾಶಕ್ತಿಗೆ ತಲೆದೂಗಬೇಕಾದದ್ದೇ!

ಮ್ಯೂನಿಕ್‌ನಲ್ಲಿರುವ ಮಗ ಎಲ್ಲವನ್ನೂ ಯೋಜಿಸಿದ್ದ. ಅಕ್ಟೋಬರಿನಲ್ಲಿ ಅಲ್ಲಿ ಮರದೆಲೆಗಳು ಬಣ್ಣಕ್ಕೆ ತಿರುಗುವ ಹೊತ್ತಿಗೆ ನಾವು ತಲುಪುವುದು, ಅಲ್ಲಿಂದ ಇಟಲಿಗೆ ಇಳಿದು ಅಮಾಲ್ಫಿಯ ಕಡಲತೀರ ನೋಡುವುದು, ಅನಂತರ ಗುಡ್ಡದ ಮೇಲಿನ ಹಳೆಯ ಊರುಗಳಾದ ಸಿಯೆನಾ, ಅಸ್ಸಿಸಿಗಳಲ್ಲಿ ಎರಡೆರಡು ದಿನ ತಂಗುವುದು. ನಲವತ್ತು ವರ್ಷದ ದಾಂಪತ್ಯದಲ್ಲಿ ಮದುವೆ, ಮುಂಜಿ, ತಿಥಿಗಳ ಹಂಗಿಲ್ಲದೆ ನಾವಿಬ್ಬರೇ ಕೈಗೊಳ್ಳುವ ಮೊದಲ ಪ್ರವಾಸ ಅದಾಗಬೇಕಿತ್ತು. ಹೊಸದಾಗಿ ಕೊಂಡಿದ್ದ ಉಣ್ಣೆಯ ಸ್ವೆಟರನ್ನು ಮಡಿಸಿ ಬೀರುವಿನಲ್ಲಿಡುತ್ತ ನನ್ನ ಪತ್ನಿ ಮೆಲ್ಲಗೆ ಅಂದಳು: ‘ಹೋಗಲಿ ಬಿಡಿ. ಅವರು ಕೇಳಿದ್ದರಲ್ಲಿ ತಪ್ಪೇನಿದೆ? ನಾನು ಹುಟ್ಟಿದ ಊರಿಗೇ ಹಿಂದಿರುಗಿ ಹೋಗಿಲ್ಲ.’

ಆಕೆ ಹೊಸದುರ್ಗ ತಾಲ್ಲೂಕಿನವಳು. ತವರಿನಲ್ಲಿ ತೆಂಗಿನ ತೋಟವಿತ್ತು. ಒಂದಾದ ಮೇಲೊಂದರಂತೆ ಕೊರೆಸಿದ ಕೊಳವೆಬಾವಿಗಳು ಬತ್ತಿ, ಮರಗಳ ಸುಳಿ ಒಣಗಿ, ಸಾಲ ತೀರಿಸಲು 2016ರಲ್ಲಿ ತೋಟವನ್ನು ಮಾರಬೇಕಾಯಿತು. ಎರಡು ವರ್ಷದಲ್ಲಿ ಮಾವನವರೂ ತೀರಿಕೊಂಡರು. ಉತ್ತರಕ್ರಿಯೆ ಮುಗಿಸಿ ಹೊರಟವಳು ಮತ್ತೆ ಆ ದಿಕ್ಕಿಗೆ ತಲೆಹಾಕಿರಲಿಲ್ಲ. ರೈಲು ಚಿಕ್ಕಜಾಜೂರು ದಾಟುವಾಗಲೂ ಕಿಟಕಿಯಿಂದ ಮುಖ ತಿರುಗಿಸಿ ಕೂರುತ್ತಿದ್ದುದನ್ನು ನಾನು ಬಲ್ಲೆ. ಆದ್ದರಿಂದ ಆ ರಾತ್ರಿ ಆಕೆಯೇ ‘ದುರ್ಗದ ಕಡೆ ಮೂರು ದಿನ ಹೋಗಿ ಬರೋಣವೇ?’ ಎಂದಾಗ ನಾನು ಮರುಪ್ರಶ್ನೆ ಹಾಕಲಿಲ್ಲ.

ಶರದೃತು ನಮ್ಮಲ್ಲಿ ಎಲೆ ಉದುರುವ ಕಾಲವಲ್ಲ, ಮಳೆ ತೊಳೆದಿಟ್ಟ ಬೆಳಕಿನ ಕಾಲ. ವಿಜಯದಶಮಿ ಕಳೆದು ನಾವು ಹೊರಟಾಗ ಹಿರಿಯೂರಿನವರೆಗೆ ರಸ್ತೆಯ ಎರಡೂ ಬದಿ ಹಸಿರಿತ್ತು. ಶೇಂಗಾ ಕಿತ್ತು ರಾಶಿ ಹಾಕಿದ್ದರು. ಬುಟ್ಟಿಗಳಲ್ಲಿ ಸೀತಾಫಲ ಮಾರಾಟಕ್ಕೆ ಬಂದಿತ್ತು. ಬರದ ನಾಡೆಂದು ಪಠ್ಯಪುಸ್ತಕದಲ್ಲಿ ಓದಿದವರು ಈ ಒಂದು ತಿಂಗಳು ಇಲ್ಲಿಗೆ ಬಂದು ನೋಡಬೇಕು.

ಹಿರಿಯೂರಿನಿಂದ ಒಳಕ್ಕೆ ತಿರುಗಿದರೆ ವಾಣಿವಿಲಾಸ ಸಾಗರ. ಕಣಿವೆ ಮಾರಮ್ಮನ ಹೆಸರಿನಿಂದ ಜನರ ಬಾಯಲ್ಲಿ ಅದು ಇಂದಿಗೂ ಮಾರಿಕಣಿವೆ. ಎರಡು ಗುಡ್ಡಗಳ ನಡುವಿನ ಕಿರುದಾರಿಯಲ್ಲಿ ವೇದಾವತಿಯನ್ನು ತಡೆದು ಕಟ್ಟಿದ ಈ ಕಲ್ಲಿನ ಅಣೆಕಟ್ಟು ಪೂರ್ಣಗೊಂಡದ್ದು 1907ರಲ್ಲಿ, ಕನ್ನಂಬಾಡಿಗಿಂತ ಬಹಳ ಮುಂಚೆ. ರಾಜಪ್ರತಿನಿಧಿಯಾಗಿ ಮೈಸೂರನ್ನು ಆಳಿದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಅದಕ್ಕಿದೆ. ಸುಮಾರು ಮೂವತ್ತು ಟಿಎಂಸಿ ಅಡಿ ನೀರು ಹಿಡಿಯಬಲ್ಲ, 130 ಅಡಿಯ ಗರಿಷ್ಠ ಮಟ್ಟದ ಈ ಜಲಾಶಯ 1933ರಲ್ಲಿ ಒಮ್ಮೆ ತುಂಬಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, ಎಂಬತ್ತೊಂಬತ್ತು ವರ್ಷಗಳ ನಂತರ. ಅನಂತರ 2025ರ ಜನವರಿಯಲ್ಲಿ ಇನ್ನೊಮ್ಮೆ. ನಡುವೆ 2010ರ ದಶಕದ ಬರದಲ್ಲಿ ತಳ ಕಾಣುವಷ್ಟು ಇಳಿದದ್ದೂ ಉಂಟು.

ಈ ಅಂಕಿಗಳನ್ನು ನಾನು ಒಪ್ಪಿಸುತ್ತಿದ್ದಾಗ ನನ್ನವಳು ತಡೆದಳು. ‘ಅಪ್ಪ ಹುಟ್ಟಿದ್ದು ಮೂವತ್ತೈದರಲ್ಲಿ, ಹೋದದ್ದು ಹದಿನೆಂಟರಲ್ಲಿ’ ಎಂದಳು. ಅಷ್ಟೇ. ಲೆಕ್ಕ ನನಗೆ ತಡವಾಗಿ ಹೊಳೆಯಿತು. ಎರಡು ಕೋಡಿಗಳ ನಡುವಿನ ಬರಿದಾದ ಅವಧಿಯೊಳಗೇ ಆ ಮನುಷ್ಯನ ಇಡೀ ಬದುಕು ಹುಟ್ಟಿ ಮುಗಿದಿತ್ತು. ಕೋಡಿ ಬಿದ್ದ ಕಥೆಯನ್ನು ತಮ್ಮ ತಂದೆಯ ಬಾಯಲ್ಲಿ ಕೇಳಿ ಬೆಳೆದ ಅವರು ಪ್ರತಿ ಮಳೆಗಾಲದಲ್ಲೂ ‘ಈ ಸಲ ಎಷ್ಟು ಅಡಿ?’ ಎಂದು ಪತ್ರಿಕೆಯ ಮೂಲೆಯಲ್ಲಿ ಹುಡುಕುತ್ತಿದ್ದರು. 2022ರಲ್ಲಿ ನೆಂಟರೆಲ್ಲ ಬುತ್ತಿ ಕಟ್ಟಿಕೊಂಡು ಕೋಡಿ ನೋಡಲು ಹೋದಾಗ ನಮಗೂ ಫೋನು ಬಂದಿತ್ತು. ಈಕೆ ಟೀವಿ ಆರಿಸಿ ಅಡುಗೆಮನೆಗೆ ಹೋಗಿದ್ದಳು. ಈಗ ಕಟ್ಟೆಯ ಮೇಲಿನ ಮಂಟಪದ ನೆರಳಿನಲ್ಲಿ ನಿಂತು, ಗುಡ್ಡಗಳ ಸಂದುಗಳಿಗೆಲ್ಲ ಚಾಚಿಕೊಂಡಿದ್ದ ನೀರನ್ನು ಬಹಳ ಹೊತ್ತು ನೋಡಿದಳು. ಅಮಾಲ್ಫಿಯ ಕಡಲು ಹೇಗಿದೆಯೋ ನಾನರಿಯೆ, ನಮ್ಮ ಪಾಲಿನ ಕಡಲತೀರ ಅದೇ ಆಯಿತು.

ರಾತ್ರಿ ಚಿತ್ರದುರ್ಗದಲ್ಲಿ ತಂಗಿ ಬೆಳಿಗ್ಗೆ ಕೋಟೆ ಹತ್ತಿದೆವು. ದುರ್ಗವೆಂದರೆ ನಮ್ಮ ತಲೆಮಾರಿಗೆ ತ.ರಾ.ಸು. ಅವರ ‘ದುರ್ಗಾಸ್ತಮಾನ’, ಪುಟ್ಟಣ್ಣ ಕಣಗಾಲರ 1972ರ ‘ನಾಗರಹಾವು’, ಒನಕೆ ಓಬವ್ವನ ಕಿಂಡಿ. 1779ರಲ್ಲಿ ಹೈದರಾಲಿಯ ವಶವಾಗುವ ತನಕ ಪಾಳೆಯಗಾರರು ಉಳಿಸಿಕೊಂಡ ಏಳು ಸುತ್ತಿನ ಕೋಟೆಯ ಶೌರ್ಯವನ್ನು ಮಾರ್ಗದರ್ಶಿ ಉತ್ಸಾಹದಿಂದ ವರ್ಣಿಸುತ್ತಿದ್ದ. ಮಂಡಿನೋವಿನಿಂದ ಮೆಟ್ಟಿಲಿಗೊಮ್ಮೆ ನಿಲ್ಲುತ್ತಿದ್ದ ನಮ್ಮ ಕಣ್ಣಿಗೆ ಬಿದ್ದದ್ದು ಬೇರೆಯೇ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚುವರಿ ನೀರು ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ ಇಳಿಯುವ ಏರ್ಪಾಡು. ಬಂಡೆಯ ಮೇಲೆ ಬಿದ್ದ ಮಳೆಯನ್ನು ವ್ಯರ್ಥವಾಗಲು ಬಿಡದೆ ಕೈಯಿಂದ ಕೈಗೆ ದಾಟಿಸಿದ ಹಾಗೆ! ಮದ್ದುಗುಂಡುಗಳಷ್ಟೇ ಈ ಕೋಟೆಯನ್ನು ಕಾದವೆಂದು ತಿಳಿದಿದ್ದ ನನಗೆ, ಈ ಹೊಂಡಗಳಿಲ್ಲದೆ ಯಾವ ಮುತ್ತಿಗೆಯನ್ನೂ ತಾಳಿಕೊಳ್ಳುವುದು ಸಾಧ್ಯವಿರಲಿಲ್ಲವೆಂದು ಆಗ ಅರ್ಥವಾಯಿತು.

ಊರಿನ ಮಗ್ಗುಲಲ್ಲೇ ಇರುವ ಚಂದ್ರವಳ್ಳಿಯಲ್ಲಿ ಬಂಡೆಗೆ ಕೊರೆದ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಕದಂಬ ವಂಶದ ಸ್ಥಾಪಕನಾದ ಆತ ತನ್ನ ವಿಜಯಗಳ ಜೊತೆಗೆ ಅಲ್ಲಿ ದಾಖಲಿಸಿರುವುದು ಒಂದು ತಟಾಕದ, ಅಂದರೆ ಕೆರೆಯ ವಿಷಯವನ್ನು. ನಾಲ್ಕನೆಯ ಶತಮಾನದ ಅರಸನಿಗೂ ಇಲ್ಲಿ ಹೇಳಿಕೊಳ್ಳಲು ಯೋಗ್ಯವೆನಿಸಿದ ಸಾಧನೆ ನೀರು. ಡಾ. ಎಂ.ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಉತ್ಖನನ ನಡೆಸಿದ ಈ ನೆಲದಲ್ಲಿ ರೋಮನ್ ಚಕ್ರವರ್ತಿಗಳ ಕಾಲದ ಬೆಳ್ಳಿ ನಾಣ್ಯ ಸಿಕ್ಕಿದೆ. ‘ನೋಡಿ, ಇಟಲಿಯವರು ವೀಸಾ ಇಲ್ಲದೆಯೇ ಇಲ್ಲಿಗೆ ಬಂದಿದ್ದರು’ ಎಂದು ಈಕೆ ನಕ್ಕಳು. ಹೊರಟ ಮೇಲೆ ಅದೇ ಆಕೆಯ ಮೊದಲ ನಗು. ಬಂದದ್ದು ಮನುಷ್ಯರಲ್ಲ, ವ್ಯಾಪಾರದ ಕೈಬದಲಾದ ನಾಣ್ಯವಷ್ಟೇ ಎಂದು ತಿದ್ದಲು ಹೋಗದಿರುವಷ್ಟು ವಿವೇಕ ನನಗೂ ಇದೆ.

ಮಾತಿಗೆ ಮಾತು ಬಂದಿದೆಯಾದ್ದರಿಂದ ಹೇಳಿಬಿಡುತ್ತೇನೆ. ನಾವು ಹೋದ ಎರಡು ತಾಣಗಳಲ್ಲಿ ಹೆಂಗಸರು ಬಳಸಬಹುದಾದ ಶೌಚಾಲಯವಿರಲಿಲ್ಲ, ಒಂದೆಡೆ ಇದ್ದುದಕ್ಕೆ ಬೀಗ ಜಡಿದಿತ್ತು. ವಯಸ್ಸಾದವರು ಐದು ನಿಮಿಷ ಕೂರಲು ಕಲ್ಲುಬೆಂಚಿಲ್ಲ. ಪರದೇಶದ ಗುಡ್ಡದೂರಿಗೆ ಲಕ್ಷಗಟ್ಟಲೆ ತೆತ್ತು ಹೋಗುವ ನಮ್ಮ ಮಧ್ಯಮ ವರ್ಗ ತನ್ನದೇ ಗುಡ್ಡದೂರಿನಿಂದ ಅರ್ಧ ದಿನದಲ್ಲಿ ಓಡಿ ಬರುವುದಕ್ಕೆ ಉದಾಸೀನವೊಂದೇ ಕಾರಣವಲ್ಲ. ನಿಲ್ಲಿಸಿಕೊಳ್ಳುವ ಸೌಕರ್ಯವಿದ್ದರೆ ತಾನೇ ನಿಲ್ಲುವುದು?

ಹೊಳಲ್ಕೆರೆಯಲ್ಲಿ ಬಯಲು ಗಣಪತಿಗೆ ಕೈಮುಗಿದೆವು. ಗುಡಿಯ ಸೂರಿಲ್ಲದೆ ಬಿಸಿಲು ಮಳೆಗಳಿಗೆ ಮೈಯೊಡ್ಡಿ ಕೂತ ದೇವರು ಈ ಸೀಮೆಯ ಬೇಸಾಯಗಾರರ ಪ್ರತಿನಿಧಿಯಂತೆಯೇ ಕಂಡ. ಅದೇ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥಸೇವಾಶ್ರಮವಿದೆ. ‘ತಿರುಕ’ ಎಂದೇ ತಮ್ಮನ್ನು ಕರೆದುಕೊಂಡು, ಜೋಳಿಗೆ ಹಿಡಿದು ಶಾಲೆಗಳನ್ನು ಕಟ್ಟಿದ, ಯೋಗವನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದ ರಾಘವೇಂದ್ರ ಸ್ವಾಮೀಜಿಯವರ ಕರ್ಮಭೂಮಿ ಅದು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬಯಲು ರಂಗಮಂದಿರ ಖಾಲಿಯಿತ್ತು. 1997ರಲ್ಲಿ ಹುಟ್ಟಿದ ಶಿವಸಂಚಾರದ ನಟರು ಇಲ್ಲಿಂದಲೇ ನಾಡಿನ ಊರೂರಿಗೆ ನಾಟಕ ಹೊತ್ತು ಹೋಗುವವರು. ಮೇಲಿನ ಮೆಟ್ಟಿಲಲ್ಲಿ ಕೂತು ನಾವಿಬ್ಬರೂ ಬುತ್ತಿಯ ಚಪಾತಿ, ಶೇಂಗಾ ಚಟ್ನಿ ತಿಂದೆವು.

ಮೂರನೆಯ ದಿನ ಉಳಿದದ್ದು ಒಂದೇ ಊರು. ಹೊಸದುರ್ಗದ ಗುಡ್ಡ ಹಿಂದೆ ಸರಿದಂತೆ ಆಕೆಯ ಮಾತು ನಿಂತಿತು. ತೋಟದ ಬಾಗಿಲಲ್ಲಿ ಕಾರು ನಿಲ್ಲಿಸಿದಾಗ ‘ಬೇಡ, ವಾಪಸು ಹೋಗೋಣ’ ಎಂದಳು. ನಾನು ಎಂಜಿನ್ ಆರಿಸಿ ಸುಮ್ಮನೆ ಕೂತೆ. ಕೊನೆಗೆ ತಾನೇ ಇಳಿದಳು. ತೆಂಗಿನ ಸಾಲು ಇದ್ದಲ್ಲಿ ಈಗ ದಾಳಿಂಬೆ, ಬುಡಬುಡಕ್ಕೆ ಹನಿ ನೀರಾವರಿಯ ಕಪ್ಪು ಪೈಪು. ಕೊಂಡವರು ಹೊರಬಂದು, ಯಾರೆಂದು ತಿಳಿದ ಕೂಡಲೇ ಒಳಗೆ ಕರೆದರು. ಹಳೆಯ ಬಾವಿಯ ಪಕ್ಕದ ಮೂರು ತೆಂಗಿನ ಮರಗಳನ್ನು ಕಡಿಯದೆ ಉಳಿಸಿಕೊಂಡಿದ್ದರು. ‘ಯಜಮಾನರು ನೆಟ್ಟವು ಅಂತ ಕೇಳಿದ್ವಿ. ಕಡಿಯಾಕೆ ಮನಸ್ಸು ಬರಲಿಲ್ಲ ಅಕ್ಕ’ ಎಂದರು.

ಅವರಿಗೂ ನೀರಿನದೇ ಚಿಂತೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ 2019ರಿಂದ ಮಾರಿಕಣಿವೆಗೆ ನೀರು ಹರಿದು ಬರತೊಡಗಿದೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಆ ಯೋಜನೆಗೆ 5,300 ಕೋಟಿ ರೂಪಾಯಿಯ ಘೋಷಣೆಯೂ ಆಯಿತು. ಆದರೆ ಘೋಷಣೆಗೂ ಹೊಲದ ಬದುವಿಗೂ ನಡುವಿನ ದೂರ ಎಷ್ಟೆಂಬುದನ್ನು ಈ ಜಿಲ್ಲೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಲ್ಲರ ಕಾಲುವೆ ಎಲ್ಲರ ಜೀವಿತದೊಳಗೇ ಬರುವುದಿಲ್ಲವೆಂಬುದಕ್ಕೆ ನನ್ನ ಮಾವನವರೇ ಸಾಕ್ಷಿ. ಇನ್ನೊಂದು ತಲೆಮಾರಿಗೆ ಆ ಸಾಕ್ಷ್ಯ ಬೇಡ.

ಕೆತ್ತಿ ಕೊಟ್ಟ ಎಳನೀರನ್ನು ನನ್ನವಳು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಕುಡಿದಳು. ಅತ್ತಳೆಂದೇನೂ ನಾನು ಬರೆಯಲಾರೆ, ಅಳಲಿಲ್ಲ. ಹೊರಡುವಾಗ ಮನೆಯಾಕೆ ಅರಿಶಿನ ಕುಂಕುಮ ಕೊಟ್ಟು ‘ಮತ್ತೆ ಯಾವಾಗ ಬರ್ತೀರ ಅಕ್ಕ?’ ಎಂದರು.

‘ಯುಗಾದಿಗೆ’ ಎಂದಳು ಈಕೆ, ನನ್ನ ಕಡೆ ತಿರುಗಿಯೂ ನೋಡದೆ.

ಮಗ ಮತ್ತೊಮ್ಮೆ ಅರ್ಜಿ ಹಾಕಿ ಎನ್ನುತ್ತಿದ್ದಾನೆ. ಹಾಕುತ್ತೇವೆ. ಹಿಂದಿರುಗುವ ಖಾತ್ರಿ ಏನೆಂದು ಕೇಳಿದರೆ ಹೇಳಲು ಈಗ ನಮ್ಮ ಬಳಿ ಒಂದು ಉತ್ತರವಿದೆ.